ಎರಡೇ ಚಕ್ರದ ಮೇಲೆ ಬೀಳದೆ ನಿಲ್ಲುವ ಗಾಡಿ ಕಟ್ಟಿದ್ದು: ಹಾಸನದಲ್ಲಿ ಎಂಟು ತಿಂಗಳು

ಹೋದ ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಶಾಲೆ ಮೈದಾನದಲ್ಲಿ, ನಾನೇ ಕಟ್ಟಿದ ಗಾಡಿ ಮೇಲೆ ನಿಂತು 11 ಸುತ್ತು ಹೊಡೆದೆ. ಒಂದು ಸಲವೂ ಬೀಳಲಿಲ್ಲ. ಅಕ್ಕಪಕ್ಕ ಎರಡು ಚಕ್ರ, ನಡುವೆ ನಿಲ್ಲೋಕೆ ಒಂದು ಹಲಗೆ, ಎದೆ ಮಟ್ಟಕ್ಕೆ ಒಂದು ಹಿಡಿಕೆ, ಅಷ್ಟೇ ಗಾಡಿ. ಮುಂದಕ್ಕೆ ವಾಲಿದರೆ ಮುಂದೆ ಹೋಗುತ್ತೆ, ಹಿಂದಕ್ಕೆ ವಾಲಿದರೆ ನಿಧಾನ ಆಗಿ ನಿಲ್ಲುತ್ತೆ.

ಕಳೆದ ಆಷಾಢದಲ್ಲಿ ಶುರು ಮಾಡಿದ್ದು ಈ ಶಿವರಾತ್ರಿ ಆದಮೇಲೆ ಮುಗಿಯಿತು. ಎಂಟು ತಿಂಗಳಲ್ಲಿ ಸುಮಾರು ಒಂದು ತಿಂಗಳು ನಾನು ತಪ್ಪು ಜಾಗದಲ್ಲಿ ಹುಡುಕಿದ್ದೆ. ಗಾಡಿ ನಡುಗಿದಾಗಲೆಲ್ಲ ಪ್ರೋಗ್ರಾಮಿನ ನಂಬರ್ ತಿದ್ದುತ್ತಾ ಕೂತೆ. ತೊಂದರೆ ಇದ್ದದ್ದು ಕಬ್ಬಿಣದಲ್ಲಿ, ಚೈನಿನಲ್ಲಿ, ವೈರಿನಲ್ಲಿ. ಹೊಸದಾಗಿ ಶುರು ಮಾಡುವವರು ಅದೇ ದಾರಿ ಹಿಡಿಯಬಾರದು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನ ಕೆಲಸ ಯುಪಿಎಸ್, ಇನ್ವರ್ಟರ್ ರಿಪೇರಿ. ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗೆ ಸಣ್ಣ ಅಂಗಡಿ. ಬೆಸುಗೆ ಹಾಕೋದು, ಬೋರ್ಡ್ ನೋಡೋದು ಕೈಗೆ ಬಂದಿದೆ. ಪ್ರೋಗ್ರಾಮ್ ಬರೆದಿರಲಿಲ್ಲ. ಆಷಾಢದಲ್ಲಿ ಅಂಗಡಿಯಲ್ಲಿ ಕೆಲಸ ಕಮ್ಮಿ. ಆಗ ಅಕ್ಕನ ಮಗ ಬಂದು ಕೇಳಿದ: "ಮಾವ, ಕಾಲೇಜಲ್ಲಿ ವಿಜ್ಞಾನ ಪ್ರದರ್ಶನ ಇದೆ. ಎರಡೇ ಚಕ್ರದ ಮೇಲೆ ಬೀಳದೆ ನಿಲ್ಲೋ ರೋಬೋಟ್ ಮಾಡೋಣ್ವಾ?" ಅವನು ಮೊದಲ ಪಿಯುಸಿ. ಸರಿ ಅಂದೆ.

ಅದು ನಿಲ್ಲೋದು ಹೇಗೆ ಅಂತ ಮೊದಲು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಮ್ಮ ಕಡೆ ಜಾತ್ರೆಯಲ್ಲಿ ನಂದಿಕೋಲು ಹೊತ್ತು ಕುಣಿಯೋರನ್ನು ನೆನೆಸಿಕೊಂಡ ಮೇಲೆ ಅರ್ಥ ಆಯಿತು. ಸೊಂಟದ ಪಟ್ಟಿಯಲ್ಲಿ ಮೂರಾಳೆತ್ತರದ ಕೋಲು ನಿಂತಿರುತ್ತೆ. ಕೋಲು ಮುಂದಕ್ಕೆ ವಾಲಿತು ಅಂದರೆ ಕುಣಿಯುವವನು ಅದನ್ನು ಹಿಂದಕ್ಕೆ ಎಳೆಯುತ್ತಾ ನಿಲ್ಲೋದಿಲ್ಲ, ತಾನೇ ಮುಂದಕ್ಕೆ ಹೆಜ್ಜೆ ಹಾಕಿ ಅದರ ಬುಡಕ್ಕೆ ಹೋಗುತ್ತಾನೆ. ರೋಬೋಟ್ ಮಾಡೋದೂ ಇದನ್ನೇ. ಯಾವ ಕಡೆ ಬೀಳುತ್ತಿದೆಯೋ ಆ ಕಡೆಗೆ ಚಕ್ರ ಓಡಿಸಿ ತನ್ನ ಬುಡವನ್ನು ತಲೆಯ ಕೆಳಗೆ ತಂದುಕೊಳ್ಳುತ್ತೆ. ಇನ್ನೊಂದು ವಿಷಯ, ಉದ್ದದ ಕೋಲು ನಿಧಾನವಾಗಿ ಬೀಳುತ್ತೆ, ಪೆನ್ಸಿಲ್ ಥಟ್ಟನೆ ಬೀಳುತ್ತೆ. ಅದಕ್ಕೇ ಬ್ಯಾಟರಿಯಂಥ ಭಾರದ ವಸ್ತುವನ್ನು ಮೇಲೆ ಇಡಬೇಕು. ನಾವು ಮೊದಲು ಕೆಳಗಿಟ್ಟಿದ್ದೆವು. ಭಾರ ಕೆಳಗಿದ್ದರೆ ಗಟ್ಟಿ ನಿಲ್ಲುತ್ತೆ ಅಂತ ಎಲ್ಲರಿಗೂ ಅನಿಸುತ್ತೆ, ಅಲ್ವಾ?

ಮೊದಲ ಸಾಮಾನು ಎಲ್ಲಾ ಆನ್‌ಲೈನಲ್ಲೇ ತರಿಸಿದೆ. ಪ್ರೋಗ್ರಾಮ್ ಹಾಕಿ ಓಡಿಸುವ ಆರ್ಡುಯಿನೋ ಉನೋ ಮಾದರಿಯ ಪುಟ್ಟ ಬೋರ್ಡ್ 480 ರೂ., ಎಷ್ಟು ವಾಲಿದೆ ಅಂತ ಅಳೆಯೋಕೆ ಎಂಪಿಯು 6050 ಅನ್ನೋ ಸೆನ್ಸರ್ 170, ಬೋರ್ಡ್ ಹೇಳಿದಂತೆ ಮೋಟಾರಿಗೆ ಕರೆಂಟ್ ಕೊಡುವ ಎಲ್ 298 ಎನ್ ಮೋಟಾರ್ ಡ್ರೈವರ್ 160, ಹಳದಿ ಪ್ಲಾಸ್ಟಿಕ್ ಗೇರ್ ಮೋಟಾರು ಎರಡು ಮತ್ತು ಅದರ ಚಕ್ರ ಸೇರಿ 220. ಬೇರೆಲ್ಲ ನಾಲ್ಕು ದಿನಕ್ಕೆ ಬಂತು. ಲಿಥಿಯಂ ಸೆಲ್ ಮಾತ್ರ ರಸ್ತೆ ಮೂಲಕವೇ ಕಳಿಸ್ತೀವಿ ಅಂದರು, ಒಂಬತ್ತು ದಿನ ಹಿಡಿಯಿತು. ನೀವು ಸೆಲ್ ತರಿಸುವುದಾದರೆ ಅದನ್ನೇ ಮೊದಲು ಆರ್ಡರ್ ಮಾಡಿ.

ಸೆನ್ಸರ್ ಬಗ್ಗೆ ಸ್ವಲ್ಪ ಹೇಳಬೇಕು. ಒಂದೇ ಚಿಪ್ಪಿನಲ್ಲಿ ಎರಡು ಕಣ್ಣಿವೆ ಅನ್ನಿ. ಒಂದು ಗೈರೋ, ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಹೇಳುತ್ತೆ. ಇನ್ನೊಂದು ಆಕ್ಸೆಲೆರೋಮೀಟರ್, ಭೂಮಿ ಯಾವ ಕಡೆ ಎಳೆಯುತ್ತಿದೆ ಅಂತ ಹೇಳುತ್ತೆ. ಗೈರೋ ಚುರುಕು, ಆದರೆ ಹೊತ್ತು ಹೋದಂತೆ ಅದರ ಲೆಕ್ಕ ನಿಧಾನವಾಗಿ ಜಾರುತ್ತೆ. ಸುಮ್ನೆ ಇಟ್ಟರೂ ಹತ್ತು ನಿಮಿಷದಲ್ಲಿ ವಾಲಿದೆ ಅನ್ನುತ್ತೆ. ಆಕ್ಸೆಲೆರೋಮೀಟರ್ ಜಾರೋದಿಲ್ಲ, ಆದರೆ ಸಣ್ಣ ಅಲುಗಾಟಕ್ಕೂ ಬೆಚ್ಚುತ್ತೆ. ಎರಡನ್ನೂ ಬೆರೆಸಬೇಕು. ಗೈರೋ ಮಾತಿಗೆ 98 ಪಾಲು, ಇನ್ನೊಂದರ ಮಾತಿಗೆ 2 ಪಾಲು ಬೆಲೆ ಕೊಟ್ಟು ಸೆಕೆಂಡಿಗೆ 200 ಸಲ ಕೂಡಿಸುತ್ತಾ ಹೋದರೆ ಕೋನ ಸರಿಯಾಗಿ ಸಿಗುತ್ತೆ. ಪ್ರೋಗ್ರಾಮಲ್ಲಿ ಇದು ಒಂದೇ ಸಾಲು. ನಮ್ಮೂರ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಎಂಸಿಎಫ್, ಅಂದರೆ ಮುಖ್ಯ ನಿಯಂತ್ರಣ ಕೇಂದ್ರ ಇದೆ, 1982ರಿಂದ ಅಲ್ಲಿಂದ ಉಪಗ್ರಹಗಳನ್ನು ನಿಯಂತ್ರಿಸುತ್ತಾರೆ. ಉಪಗ್ರಹವೂ ತಾನು ಯಾವ ಕಡೆ ತಿರುಗಿದೆ ಅಂತ ತಿಳಿಯೋಕೆ ಗೈರೋವನ್ನೂ ಬಳಸುತ್ತೆ ಅಂತ ಓದಿದ ಮೇಲೆ, ಆ ರಸ್ತೆಯಲ್ಲಿ ಹೋಗುವಾಗ ಕಾಂಪೌಂಡಿನೊಳಗಿನ ದೊಡ್ಡ ದೊಡ್ಡ ಆಂಟೆನಾಗಳನ್ನು ನಾನು ಬೇರೆ ರೀತಿಯಲ್ಲೇ ನೋಡುತ್ತೇನೆ.

ಜೋಡಿಸಿ ಆನ್ ಮಾಡಿದೆವು. ಬಿತ್ತು. ವಾಲಿದ ಕಡೆಗೆ ಓಡುವ ಬದಲು ಆಚೆ ಕಡೆಗೆ ಓಡಿತು. ಹೀಗಾದರೆ ಗಾಬರಿ ಬೇಡ, ಮೋಟಾರಿನ ಎರಡು ವೈರ್ ಅದಲುಬದಲು ಮಾಡಿ. ಅದಾದಮೇಲೆ ನಡುಗೋಕೆ ಶುರುವಾಯಿತು. ಚಳಿಜ್ವರ ಬಂದವರ ಥರ ಗಡಗಡ ಅಂತ ನಡುಗಿ ಮೂರು ಸೆಕೆಂಡಲ್ಲಿ ಬೀಳೋದು.

ಇಲ್ಲಿಂದ ನಂಬರ್ ತಿದ್ದುವ ಕೆಲಸ ಹತ್ತಿತು. ಪಿಐಡಿ ಅಂತಾರೆ, ಮೂರು ನಂಬರ್. ಎಷ್ಟು ವಾಲಿದೆಯೋ ಅಷ್ಟಕ್ಕೆ ತಕ್ಕ ತಳ್ಳು ಒಂದು, ಎಷ್ಟು ಬೇಗ ವಾಲುತ್ತಿದೆ ಅನ್ನೋದಕ್ಕೆ ತಕ್ಕ ತಡೆ ಒಂದು, ಬಹಳ ಹೊತ್ತಿಂದ ಒಂದೇ ಕಡೆ ವಾಲಿದ್ದರೆ ಅದನ್ನು ಸರಿಮಾಡೋದು ಇನ್ನೊಂದು. ಮೂರು ವಾರ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಇದನ್ನೇ ತಿದ್ದಿದೆ. ಮಳೆಗಾಲ, ಮಧ್ಯೆ ಮಧ್ಯೆ ಕರೆಂಟು ಬೇರೆ ಹೋಗೋದು. ಒಂದು ನೋಟ್‌ಬುಕ್ ತುಂಬಾ ನಂಬರ್ ಬರೆದೆ. ಒಂದೂ ನಿಲ್ಲಿಸಲಿಲ್ಲ.

ಒಂದು ರಾತ್ರಿ ಅಕ್ಕನ ಮಗ ಒಂದು ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಆಡಿಸಿದ. ಮೋಟಾರು ತಿರುಗದೆ ಚಕ್ರ ಮಾತ್ರ ಒಂದು ಬೆರಳಿನ ಅಗಲದಷ್ಟು ಅಲ್ಲಾಡಿತು. "ಮಾವ, ಇದರಲ್ಲಿ ಆಟ ಇದೆ" ಅಂದ. ಗ್ಯಾರೇಜಿನವರು ಬೇರಿಂಗ್ ಸವೆದಾಗ ಹೇಳುವ ಅದೇ ಆಟ. ಪ್ಲಾಸ್ಟಿಕ್ ಹಲ್ಲುಗಳ ನಡುವೆ ಸಡಿಲ. ರೋಬೋಟ್ ನೆಟ್ಟಗೆ ನಿಲ್ಲುವ ಜಾಗದಲ್ಲಿ ಮೋಟಾರು ಕ್ಷಣಕ್ಕೊಂದು ಸಲ ದಿಕ್ಕು ಬದಲಿಸುತ್ತೆ. ಪ್ರತಿ ಸಲ ಆ ಸಡಿಲ ದಾಟಿದ ಮೇಲೆ ಹಲ್ಲಿಗೆ ಹಲ್ಲು ಬಡಿದು ಚಕ್ರಕ್ಕೆ ಬಲ ಸಿಗುತ್ತೆ. ಅಷ್ಟರಲ್ಲಿ ತಡ ಆಗಿರುತ್ತೆ. ಇದಕ್ಕೆ ಯಾವ ನಂಬರೂ ಮದ್ದಲ್ಲ.

ಹಳದಿ ಮೋಟಾರು ತೆಗೆದು 12 ವೋಲ್ಟಿನ ಲೋಹದ ಗೇರ್ ಮೋಟಾರು ತರಿಸಿದೆ, ಒಂದಕ್ಕೆ 520. ಇದನ್ನೇ ಮೊದಲು ತಗೊಳ್ಳಿ. ನಡುಕ ಅರ್ಧ ಕಮ್ಮಿಯಾಯಿತು. ಇನ್ನರ್ಧಕ್ಕೆ ಕಾರಣ ನನ್ನ ಪ್ರೋಗ್ರಾಮಲ್ಲೇ ಇತ್ತು. ಕೋನ ಎಷ್ಟಿದೆ ನೋಡೋಣ ಅಂತ ಪ್ರೋಗ್ರಾಮಿನ ಪ್ರತಿ ಸುತ್ತಿಗೂ ಕಂಪ್ಯೂಟರಿಗೆ ಒಂದು ಸಾಲು ಬರೆಸುತ್ತಿದ್ದೆ, ಸೆಕೆಂಡಿಗೆ 9600 ಬಿಟ್ ವೇಗದಲ್ಲಿ. ಆ ವೇಗದಲ್ಲಿ ಒಂದು ಅಕ್ಷರ ಹೋಗೋಕೆ ಸುಮಾರು 1 ಮಿಲಿಸೆಕೆಂಡ್ ಬೇಕು. 25 ಅಕ್ಷರದ ಸಾಲಿಗೆ 25 ಮಿಲಿಸೆಕೆಂಡ್. 5 ಮಿಲಿಸೆಕೆಂಡಿಗೆ ಒಂದು ಸಲ ನೋಡಬೇಕಾದ ರೋಬೋಟ್ ಐದು ಪಟ್ಟು ತಡವಾಗಿ ನೋಡುತ್ತಿತ್ತು. ಬರೆಸೋದನ್ನು ತೆಗೆದೆ. ಡ್ರೈವರ್ ಬೋರ್ಡೂ ಸುಮಾರು 2 ವೋಲ್ಟ್ ತಾನೇ ತಿನ್ನುತ್ತಿತ್ತು, ಅದಕ್ಕೆ ಇನ್ನೊಂದು ಸೆಲ್ ಸೇರಿಸಿದೆ.

ಅವತ್ತು ರಾತ್ರಿ ಹನ್ನೊಂದು ಗಂಟೆ. ಅಡುಗೆಮನೆಯ ಕೆಂಪು ಗಾರೆ ನೆಲದ ಮೇಲೆ ಬಿಟ್ಟೆವು. ನಿಂತಿತು. ಸ್ವಲ್ಪ ಮುಂದೆ ಹೋಯಿತು, ಹಿಂದೆ ಬಂತು, ನಿಂತೇ ಇತ್ತು. ಅಮ್ಮ ಮುದ್ದೆ ಪಾತ್ರೆ ತೊಳೆಯುತ್ತಿದ್ದವರು ಕೈ ಒರೆಸಿಕೊಂಡು ಬಂದು ನೋಡಿದರು. "ಯಾರೂ ಹಿಡ್ಕಂಡಿಲ್ವೇನ್ಲಾ?" ಅಂದರು. ಬೆರಳಲ್ಲಿ ಮೆಲ್ಲಗೆ ತಳ್ಳಿದರು. ಅದು ಒಂದು ಗೇಣು ಹಿಂದಕ್ಕೆ ಸರಿದು ಮತ್ತೆ ನೆಟ್ಟಗಾಯಿತು. ಅಕ್ಕನ ಮಗ ಮಾತೇ ಆಡಲಿಲ್ಲ, ಅವನ ಕಣ್ಣು ತುಂಬಿತ್ತು. ನನ್ನದೂ.

ನಂಬರ್ ತಿದ್ದುವ ಕ್ರಮ ಕೇಳುವವರಿಗೆ: ಮೂರನ್ನೂ ಸೊನ್ನೆ ಮಾಡಿ. ಮೊದಲನೆಯದನ್ನು ಮಾತ್ರ ಏರಿಸುತ್ತಾ ಹೋಗಿ, ಉಯ್ಯಾಲೆ ಥರ ಹಿಂದೆ ಮುಂದೆ ತೂಗೋ ತನಕ. ಆಮೇಲೆ ತಡೆಯ ನಂಬರ್ ಏರಿಸಿ ತೂಗಾಟ ನಿಲ್ಲಿಸಿ. ಕೊನೆಗೆ ಮೂರನೆಯದನ್ನು ಚೂರೇ ಚೂರು ಕೊಡಿ. ನನ್ನ ನಂಬರ್ ಕೊಟ್ಟರೆ ನಿಮಗೆ ಪ್ರಯೋಜನ ಇಲ್ಲ, ಪ್ರತಿ ಗಾಡಿಗೂ ಅದು ಬೇರೆ. ಆನ್ ಮಾಡಿದ ಮೇಲೆ ಮೂರು ಸೆಕೆಂಡ್ ಅಲ್ಲಾಡಿಸದೆ ಹಿಡಿಯಿರಿ, ಗೈರೋ ತನ್ನ ಸೊನ್ನೆ ಎಲ್ಲಿ ಅಂತ ಕಂಡುಕೊಳ್ಳೋದು ಆಗಲೇ. ಸಣ್ಣದಕ್ಕೆ ಒಟ್ಟು 2,980 ರೂ. ಆಯಿತು, ಅದರಲ್ಲಿ ಹಳದಿ ಮೋಟಾರಿನ 220 ದಂಡ.

ಪ್ರದರ್ಶನ ಮುಗಿಯಿತು. ಅವನಿಗೆ ಎರಡನೇ ಬಹುಮಾನ ಬಂತು. ನನಗೆ ಮಾತ್ರ ಸುಮ್ಮನಿರೋಕೆ ಆಗಲಿಲ್ಲ. ಇದರ ಮೇಲೆ ಮನುಷ್ಯ ನಿಲ್ಲೋಕಾಗುತ್ತಾ ಅನ್ನೋ ಯೋಚನೆ ಹತ್ತಿತು.

ಆಗುತ್ತೆ ಅಂತ ಜಗತ್ತಿಗೆ ಗೊತ್ತಾಗಿ ಬಹಳ ದಿನ ಆಗಿದೆ. ಅಮೆರಿಕದ ಡೀನ್ ಕಾಮೆನ್ 2001ರ ಡಿಸೆಂಬರಿನಲ್ಲಿ ಸೆಗ್ವೇ ಅಂತ ಇಂಥ ಗಾಡಿ ತೋರಿಸಿದರು. 2020ರಲ್ಲಿ ಕಂಪನಿ ಅದನ್ನು ಮಾಡೋದು ನಿಲ್ಲಿಸಿತು. ಸೆಗ್ವೇ ಬಂದ ಸ್ವಲ್ಪ ದಿನಕ್ಕೇ ಟ್ರೆವರ್ ಬ್ಲ್ಯಾಕ್‌ವೆಲ್ ಅನ್ನೋ ಎಂಜಿನಿಯರ್ ವೀಲ್‌ಚೇರಿನ ಮೋಟಾರು ಹಾಕಿ ಮನೆಯಲ್ಲೇ ಒಂದು ಕಟ್ಟಿ, ಹೇಗೆ ಕಟ್ಟಿದೆ ಅಂತ ಎಲ್ಲರಿಗೂ ಬರೆದಿಟ್ಟರು. ಅದನ್ನು ಓದಿದ ಮೇಲೆ ನನಗೆ ಧೈರ್ಯ ಬಂತು. ಆಗ ಅವರಿಗೆ ಸಿಗದಿದ್ದ ಅಗ್ಗದ ಸೆನ್ಸರ್ ಈಗ 170 ರೂಪಾಯಿಗೆ ನಮ್ಮ ಮೇಜಿನ ಮೇಲಿದೆ.

ದೊಡ್ಡ ಸಾಮಾನಿಗೆ ಬೆಂಗಳೂರಿಗೇ ಹೋದೆ, ಎಸ್‌.ಪಿ. ರಸ್ತೆಗೆ. ಮೋಟಾರನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಆಟ ನೋಡಿ ತಗೋಬೇಕು ಅಂತ ಇಷ್ಟೊತ್ತಿಗೆ ಬುದ್ಧಿ ಬಂದಿತ್ತು. ಭಾನುವಾರ ಹೋಗಬೇಡಿ, ಅಲ್ಲಿ ಬಹಳ ಅಂಗಡಿ ಮುಚ್ಚಿರುತ್ತವೆ. ಇ-ಬೈಕಿಗೆ ಹಾಕುವ 24 ವೋಲ್ಟ್, 250 ವ್ಯಾಟಿನ ಗೇರ್ ಮೋಟಾರು ಎರಡು ತಗೊಂಡೆ, ಒಂದಕ್ಕೆ 2,900. ಗೇರಿಂದ ಹೊರಗೆ ಬರುವ ವೇಗ ನಿಮಿಷಕ್ಕೆ ಸುಮಾರು 300 ಸುತ್ತು, ಕೊನೆಗೆ 9 ಹಲ್ಲಿನ ಸಣ್ಣ ಚೈನ್ ಚಕ್ರ. ಇ-ಬೈಕಿನದೇ 12 ವೋಲ್ಟ್, 12 ಎಎಚ್ ಲೆಡ್ ಬ್ಯಾಟರಿ ಎರಡು, 3,400. ಜಿಎಸ್‌ಟಿ ಬಿಲ್ ಕೇಳಿ ಹಾಕಿಸಿಕೊಂಡೆ. ಬಿಲ್ ಬೇಡ ಅಂದರೆ ಸ್ವಲ್ಪ ಕಮ್ಮಿ ಮಾಡಿಕೊಡ್ತೀವಿ ಅಂತಾರೆ, ಒಪ್ಪಬೇಡಿ. ಬ್ಯಾಟರಿ ವಾರಂಟಿಗೆ ಆ ಚೀಟಿಯೇ ಆಧಾರ. ಬಸ್ಸಲ್ಲೂ ಕಂಡಕ್ಟರ್ "ಇದೇನ್ ಸಾರ್ ಚೀಲದಲ್ಲಿ?" ಅಂದಾಗ ಬಿಲ್ ತೋರಿಸಿದೆ, ಲಗೇಜ್ ಟಿಕೆಟ್ ಹರಿದುಕೊಟ್ಟರು.

ಮೋಟಾರ್ ಡ್ರೈವರ್ ಆನ್‌ಲೈನಲ್ಲಿ ಆರ್ಡರ್ ಮಾಡಿದೆ, ಬಿಟಿಎಸ್ 7960 ಅನ್ನೋದು, ಮೋಟಾರಿಗೊಂದು, ತಲಾ 600. ಅದು ಅಕ್ಟೋಬರ್. ಹಾಸನಾಂಬೆ ಬಾಗಿಲು ತೆಗೆಯುವ ದಿನಗಳು. ವರ್ಷಕ್ಕೊಂದೇ ಸಲ ದರ್ಶನ, ಹಾಗಾಗಿ ಊರಿಗೆ ಊರೇ ಜನ. ಪಾರ್ಸೆಲ್ ಊರಿಗೆ ಬಂದೂ ಕೈಗೆ ಸಿಗೋಕೆ ಆರು ದಿನ ಆಯಿತು. ಬಂದದ್ದರಲ್ಲಿ ಒಂದು ಸತ್ತಿತ್ತು. ಮಾರಿದವರು ಪೊಟ್ಟಣ ಬಿಚ್ಚುವ ವಿಡಿಯೋ ಕೇಳಿದರು. ನಾನು ಮಾಡಿರಲಿಲ್ಲ. ಬಿಲ್, ಬೋರ್ಡಿನ ಎರಡೂ ಕಡೆ ಫೋಟೋ, ಮೀಟರ್ ಹಿಡಿದು ತೋರಿಸಿದ ವಿಡಿಯೋ, ನಾಲ್ಕು ಮಿಂಚಂಚೆ. 26 ದಿನ ಆದಮೇಲೆ ಬದಲಿ ಬಂತು. ಅಷ್ಟು ಕಾಯೋಕಾಗದೆ ಮೂರನೆಯದು ತಗೊಂಡಿದ್ದೆ. ದಯವಿಟ್ಟು ಪಾರ್ಸೆಲ್ ಬಿಚ್ಚುವಾಗ ಫೋನಲ್ಲಿ ವಿಡಿಯೋ ಮಾಡಿ, ಎರಡು ನಿಮಿಷದ ಕೆಲಸ. ಮತ್ತೆ ಆ ಬೋರ್ಡಿಗೆ 43 ಆಂಪಿಯರ್ ಅಂತ ಹೇಳಿ ಮಾರುತ್ತಾರೆ. ಅದು ಚಿಪ್ಪಿನ ಲೆಕ್ಕ. ಅದರ ಮೇಲೆ ಬಿಸಿ ಹೊರಹಾಕೋಕೆ ಇರುವ ಪುಟ್ಟ ಹೀಟ್ ಸಿಂಕ್ ನಂಬಿ ಅಷ್ಟು ಎಳೆದರೆ ಸುಡುತ್ತೆ. ನಾನು ಅಲ್ಯೂಮಿನಿಯಂ ಪಟ್ಟಿಗೆ ಕೂರಿಸಿ ಹಳೇ ಕಂಪ್ಯೂಟರಿನ ಫ್ಯಾನ್ ಇಟ್ಟೆ, ಒಂದೊಂದು ಮೋಟಾರಿಗೂ ಬೇರೆ ಫ್ಯೂಸ್ ಹಾಕಿದೆ.

ಚಕ್ರಕ್ಕೆ ಮಕ್ಕಳ ಸೈಕಲ್ಲಿನ 16 ಇಂಚಿನ ಹಿಂದಿನ ಚಕ್ರ ಎರಡು, ಸೈಕಲ್ ಅಂಗಡಿಯಲ್ಲಿ 1,500. ಹಿಂದಿನ ಚಕ್ರವಾದರೆ ಫ್ರೀವೀಲ್ ಸಮೇತ ಬರುತ್ತೆ, ಚೈನ್ ಹಾಕಿದರೆ ಆಯಿತು ಅಂದುಕೊಂಡಿದ್ದೆ. ಮೋಟಾರು ಮುಂದಕ್ಕೆ ತಿರುಗಿಸಿದೆ, ಚಕ್ರ ತಿರುಗಿತು. ಹಿಂದಕ್ಕೆ ತಿರುಗಿಸಿದೆ, ಟಿಕ್ ಟಿಕ್ ಟಿಕ್ ಅಂತ ಸದ್ದು, ಚಕ್ರ ಅಲ್ಲೇ ಇದೆ. ಫ್ರೀವೀಲಿನ ಕೆಲಸವೇ ಅದು. ಸೈಕಲ್ ಇಳಿಜಾರಲ್ಲಿ ಓಡುವಾಗ ಪೆಡಲ್ ನಿಲ್ಲಿಸಿದರೂ ಚಕ್ರ ಓಡಬೇಕಲ್ಲ, ಅದಕ್ಕೆ ಒಂದೇ ದಿಕ್ಕಿಗೆ ಹಿಡಿಯುತ್ತೆ. ನಮಗೆ ಎರಡೂ ದಿಕ್ಕು ಬೇಕು. ಹಿಂದಕ್ಕೆ ಬಲ ಇಲ್ಲದಿದ್ದರೆ ಗಾಡಿ ಮೇಲೆ ಹಿಂದಕ್ಕೆ ವಾಲಿದವನು ಅಂಗಾತ ಬೀಳುತ್ತಾನೆ.

ಫ್ರೀವೀಲಿನ ಒಳಗಿನ ಬಳೆ ಹೊರಗಿನ ಬಳೆ ಸೇರಿಸಿ ವೆಲ್ಡಿಂಗ್ ಮಾಡಬೇಕು. ಇಂಡಸ್ಟ್ರಿಯಲ್ ಏರಿಯಾದ ಒಂದು ಲೇತ್ ಅಂಗಡಿಗೆ ಒಯ್ದೆ. ಡಿಸೆಂಬರ್ ಅದು. ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಕಾಫಿ ಕೊಯ್ಲು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಗಳ ಕೆಲಸ ರಾಶಿ ಬಿದ್ದಿತ್ತು. "ಅಣ್ಣ, ನಿಮ್ದು ಆಟದ ಸಾಮಾನು, ಅವ್ರದು ಬೆಳೆ. ಸಂಕ್ರಾಂತಿ ಆಗ್ಲಿ" ಅಂದರು. ಅವರು ಹೇಳಿದ್ದು ನ್ಯಾಯವೇ. ಐದು ವಾರ ಕಾದೆ. ನಮ್ಮ ಜಿಲ್ಲೆಯಲ್ಲಿ ಲೇತ್ ಕೆಲಸ ಇರುವವರು ಕಾಫಿ ಕೊಯ್ಲಿಗೆ ಮುಂಚೆಯೇ ಮಾಡಿಸಿಕೊಳ್ಳಿ. ಆದರೆ ಸಂಕ್ರಾಂತಿ ಆದಮೇಲೆ ಅವರು ಮಾಡಿಕೊಟ್ಟ ಕೆಲಸ ಎಷ್ಟು ಅಚ್ಚುಕಟ್ಟು ಅಂದರೆ, ಒಂದು ಇಂಚಿನ ಚೌಕ ಪೈಪಿನ ಚೌಕಟ್ಟನ್ನು ಗಾಜಿನ ಮೇಲಿಟ್ಟರೂ ಎಲ್ಲೂ ಎದ್ದಿರಲಿಲ್ಲ. ಲೇತು, ವೆಲ್ಡಿಂಗು ಸೇರಿ 2,600.

ಆ ಐದು ವಾರ ಸುಮ್ಮನೆ ಕೂರಲಿಲ್ಲ. ಒಂದು ತಾತ್ಕಾಲಿಕ ಮರದ ಚೌಕಟ್ಟು ಮಾಡಿ, ಮನೆಯಲ್ಲೇ ಒಂದೊಂದು ಟಾಕಾ ಹಾಕಿದ ಫ್ರೀವೀಲಿನಲ್ಲಿ ಪರೀಕ್ಷೆ ಮಾಡುತ್ತಿದ್ದೆ. ಮೊದಲು ಬ್ಯಾಟರಿ ಬದಲು ಅಂಗಡಿಯ 24 ವೋಲ್ಟ್ ಎಸ್‌ಎಂಪಿಎಸ್‌ನಿಂದ, ಅಂದರೆ ಗೋಡೆ ಪ್ಲಗ್ಗಿನ ಕರೆಂಟನ್ನು 24 ವೋಲ್ಟಿಗೆ ಇಳಿಸಿ ಕೊಡುವ ಪೆಟ್ಟಿಗೆಯಿಂದ, ಕರೆಂಟ್ ಕೊಟ್ಟೆ. ಗಾಡಿ ಎರಡು ಸಲ ತೂಗಿ ಧೊಪ್ಪನೆ ಬೀಳೋದು, ಎಸ್‌ಎಂಪಿಎಸ್ ಆಫ್ ಆಗಿರೋದು. ಓಡುವ ಮೋಟಾರನ್ನು ತಡೆದಾಗ ಅದೇ ಜನರೇಟರ್ ಆಗಿ ಕರೆಂಟನ್ನು ವಾಪಸ್ ತಳ್ಳುತ್ತೆ. ಬ್ಯಾಟರಿಯಾದರೆ ನುಂಗಿಕೊಳ್ಳುತ್ತೆ. ಎಸ್‌ಎಂಪಿಎಸ್‌ಗೆ ನುಂಗೋಕೆ ಬರಲ್ಲ, ವೋಲ್ಟ್ ಏರಿ ಮುಚ್ಚಿಕೊಳ್ಳುತ್ತೆ. ದಿನಾ ಎಸ್‌ಎಂಪಿಎಸ್ ರಿಪೇರಿ ಮಾಡುವ ನನಗೇ ಇದು ಹೊಳೆಯೋಕೆ ನಾಲ್ಕು ದಿನ ಬೇಕಾಯಿತು. ಪರೀಕ್ಷೆಗೂ ಬ್ಯಾಟರಿಯನ್ನೇ ಬಳಸಿ.

ಇನ್ನು ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ ಸಂಜೆ. ಹಿತ್ತಲಲ್ಲಿ ಖಾಲಿ ಗಾಡಿ ನಿಲ್ಲಿಸಿ ನೋಡುತ್ತಿದ್ದೆ, ಚೆನ್ನಾಗೇ ನಿಂತಿತ್ತು. ಇದ್ದಕ್ಕಿದ್ದಂತೆ ಮೋಟಾರಿನ ಸದ್ದು ಒಂದೇ ಸಮ ಆಯಿತು. ಅಮ್ಮ ರಾಗಿ ಒಣಹಾಕಿದ್ದ ಚಾಪೆ ಮೇಲೆ ಹಾದು, ಒಗೆಯುವ ಕಲ್ಲಿಗೆ ಗುದ್ದಿ, ಅಡ್ಡ ಬಿದ್ದ ಮೇಲೂ ಚಕ್ರ ತಿರುಗುತ್ತಲೇ ಇತ್ತು. ಇಷ್ಟು ವಾಲಿದರೆ ಮೋಟಾರು ನಿಲ್ಲಿಸು ಅಂತ ಪ್ರೋಗ್ರಾಮಲ್ಲಿ ಬರೆದಿದ್ದೆ, ನಿಲ್ಲಲಿಲ್ಲ. ಸ್ವಿಚ್ ಇದ್ದದ್ದು ಹಲಗೆ ಅಡಿಯಲ್ಲಿ, ತಿರುಗುವ ಚಕ್ರದ ಪಕ್ಕ. ಬ್ಯಾಟರಿ ವೈರನ್ನೇ ಕಿತ್ತೆ. ಅಮ್ಮ ಒಂದು ನಿಮಿಷ ಮೊದಲು ಅದೇ ಚಾಪೆ ಮೇಲೆ ಕೂತು ರಾಗಿ ಕೈಯಾಡಿಸುತ್ತಿದ್ದರು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಕಾರಣ ಹುಡುಕೋಕೆ ಒಂದು ವಾರ. ಸೆನ್ಸರಿನ ತೆಳು ವೈರು ಮೋಟಾರಿನ ದಪ್ಪ ವೈರಿನ ಜೊತೆಗೇ ಕಟ್ಟಿತ್ತು. ಮೋಟಾರಿನ ಕಾರ್ಬನ್ ಬ್ರಷ್ಷಿನ ಕಿಡಿಯ ಗಲಾಟೆ ಸೆನ್ಸರ್ ವೈರಿಗೆ ಹತ್ತಿ, ಬೋರ್ಡ್ ಸೆನ್ಸರಿನ ಉತ್ತರಕ್ಕೆ ಕಾಯುತ್ತಾ ಅಲ್ಲೇ ನಿಂತುಬಿಟ್ಟಿತ್ತು. ಕೊನೆಗೆ ಕೊಟ್ಟಿದ್ದ ಆಜ್ಞೆಯಂತೆ ಮೋಟಾರು ಓಡುತ್ತಲೇ ಇತ್ತು. ನಾನು ಮಾಡಿದ್ದು ಇಷ್ಟು: ಕಿಡಿಯ ಗಲಾಟೆ ತಗ್ಗಿಸೋಕೆ ಮೋಟಾರಿನ ತುದಿಗಳಿಗೆ 104 ನಂಬರಿನ ಕೆಪಾಸಿಟರ್ ಹಾಕಿದೆ, ಸೆನ್ಸರ್ ವೈರನ್ನು ಒಂದು ಗೇಣಿಗೆ ಇಳಿಸಿ ಬೇರೆ ದಾರಿಯಲ್ಲಿ ಎಳೆದೆ, ಬೋರ್ಡಿನಲ್ಲೇ ಇರುವ ವಾಚ್‌ಡಾಗ್ ಚಾಲೂ ಮಾಡಿದೆ. ಬೋರ್ಡ್ ಎಲ್ಲಾದರೂ ಸಿಕ್ಕಿಕೊಂಡರೆ ವಾಚ್‌ಡಾಗ್ ಅದನ್ನು ತಾನೇ ಮತ್ತೆ ಶುರು ಮಾಡಿಸುತ್ತೆ. ಆ ಹೊತ್ತಲ್ಲಿ ಡ್ರೈವರ್ ಆಫ್ ಇರುವಂತೆ 10 ಕೆ ರೆಸಿಸ್ಟರ್ ಕೂರಿಸಿದೆ. ಎಲ್ಲಕ್ಕಿಂತ ಮುಖ್ಯ, ಹಿಡಿಕೆಯ ಮೇಲೆ ದೊಡ್ಡ ಕೆಂಪು ಸ್ವಿಚ್, ಅದರಿಂದ ಮಣಿಕಟ್ಟಿಗೆ ಒಂದು ದಾರ. ನಾನು ಬಿದ್ದರೆ ದಾರ ಎಳೆದು ಕರೆಂಟ್ ಹೋಗುತ್ತೆ. ಇದನ್ನು ಕೊನೆಯಲ್ಲಿ ಹಾಕೋಣ ಅಂತ ಬಿಡಬೇಡಿ, ಮೊದಲ ದಿನವೇ ಹಾಕಿ.

ಕಬ್ಬಿಣದ ಚೌಕಟ್ಟು ಬಂದ ಮೇಲೆ ನಾನೇ ಹತ್ತಿ ನಿಂತೆ. ಗೋಡೆಯ ಮೊಳೆಗೆ ಹಗ್ಗ ಕಟ್ಟಿ ಹಿಡಿದುಕೊಂಡು. ನಡುಗಿತು. ಮತ್ತೆ ನಂಬರಿನ ಪುಸ್ತಕ ತೆಗೆದೆ. ಸಣ್ಣ ರೋಬೋಟಲ್ಲಿ ಕಲಿತ ಪಾಠ ಎದುರಿಗೇ ಇದ್ದರೂ ಮತ್ತೆ ಅದೇ ಮಾಡಿದೆ. ಚೌಕಟ್ಟು ಹೊಸದು, ವೆಲ್ಡಿಂಗ್ ಗಟ್ಟಿ, ಇನ್ನು ಕಬ್ಬಿಣದಲ್ಲಿ ಏನಿರುತ್ತೆ ಅನ್ನೋ ನಂಬಿಕೆ. ಹತ್ತು ದಿನ ಆದಮೇಲೆ ಮೋಟಾರನ್ನು ಕೈಯಲ್ಲಿ ಬಿಗಿಹಿಡಿದು ಚಕ್ರ ಅಲ್ಲಾಡಿಸಿದೆ. ಟೈರಿನ ಅಂಚಿನಲ್ಲಿ ಸ್ಕೇಲ್ ಇಟ್ಟು ಅಳೆದೆ, 14 ಮಿಲಿಮೀಟರ್ ಆಟ. ಚೈನ್ ಸಡಿಲ. ಸೈಕಲ್ಲಿಗೆ ಅಷ್ಟು ಸಡಿಲ ಇದ್ದರೆ ಏನೂ ಆಗಲ್ಲ, ಯಾಕೆಂದರೆ ಅದು ಒಂದೇ ಕಡೆ ಎಳೆಯುತ್ತೆ. ಇಲ್ಲಿ ಚೈನಿನ ಮೇಲಿನ ಸಾಲೂ ಎಳೆಯಬೇಕು, ಕೆಳಗಿನ ಸಾಲೂ ಎಳೆಯಬೇಕು. ಮೋಟಾರು ಕೂರುವ ತೂತನ್ನು ಉದ್ದ ಮಾಡಿಸಿ, ಹಿಂದಿನಿಂದ ಬೋಲ್ಟ್ ಹಾಕಿ ಚೈನ್ ಎಳೆದು ಬಿಗಿ ಮಾಡಿದೆ. ಆಟ 3 ಮಿಲಿಮೀಟರಿಗೆ ಇಳಿಯಿತು. ಹಳೇ ನಂಬರಲ್ಲೇ ಗಾಡಿ ನಿಂತಿತು. ಪುಸ್ತಕದಲ್ಲಿ ಹತ್ತು ದಿನ ಹಿಂದೆ ಬರೆದು, ಆಗಲ್ಲ ಅಂತ ಅಡ್ಡಗೆರೆ ಎಳೆದಿದ್ದ ಸಾಲು ಅದು.

ಗಾಡಿಯ ಮೇಲೆ ನಿಲ್ಲೋಕೆ ಬಂದಮೇಲೆ ಎಲ್ಲಿ ಓಡಿಸೋದು ಅನ್ನೋ ಪ್ರಶ್ನೆ. ರಸ್ತೆಗೆ ಇಳಿಸಬಹುದಾ ಅಂತ ವಿಚಾರಿಸಿದೆ. ಕೇಂದ್ರದ ಮೋಟಾರು ವಾಹನ ನಿಯಮದಲ್ಲಿ ಬ್ಯಾಟರಿ ಗಾಡಿಗೆ ರಿಯಾಯಿತಿ ಇದೆ, ಆದರೆ ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಮ್ಮಿ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಮ್ಮಿ ಇರಬೇಕು, ಅದನ್ನು ಮಾನ್ಯತೆ ಇರುವ ಪರೀಕ್ಷಾ ಸಂಸ್ಥೆ ನೋಡಿ ಒಪ್ಪಿರಬೇಕು. ನನ್ನದರಲ್ಲಿ 250ರದ್ದು ಎರಡಿದೆ, ಮನೆಯಲ್ಲಿ ಕಟ್ಟಿದ್ದಕ್ಕೆ ಅಂಥ ಒಪ್ಪಿಗೆ ಚೀಟಿಯೂ ಇಲ್ಲ. ಹಾಗಾಗಿ ರಸ್ತೆಗೆ ತರಬಾರದು. ನೀವೂ ತರಬೇಡಿ. ಶಾಲೆಯ ಮುಖ್ಯ ಶಿಕ್ಷಕರಿಗೆ ಒಂದು ಮನವಿ ಪತ್ರ ಕೊಟ್ಟೆ: ಭಾನುವಾರ ಬೆಳಿಗ್ಗೆ 7ರಿಂದ 9, ಮಕ್ಕಳು ಇಲ್ಲದ ಹೊತ್ತು, ಏನಾದರೂ ಹಾಳಾದರೆ ನಾನೇ ಜವಾಬ್ದಾರ. ಆಧಾರ್ ಪ್ರತಿ ಕೇಳಿದರು, ಕೊಟ್ಟೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇಟ್ಟು ಹೇಳ್ತೀವಿ ಅಂದರು. ಎರಡು ವಾರಕ್ಕೆ ಒಪ್ಪಿಗೆ ಸಿಕ್ಕಿತು, ಮಕ್ಕಳಿಗೆ ಒಂದು ದಿನ ತೋರಿಸಬೇಕು ಅನ್ನೋ ಷರತ್ತಿನ ಮೇಲೆ. ಆ ಷರತ್ತು ನನಗೆ ಖುಷಿಯೇ.

ಮೈದಾನದಲ್ಲಿ ಮೊದಲ ದಿನ ಆಲೂಗಡ್ಡೆ ಚೀಲ ತೂಗುವ ಕಾಟಾ ಮೇಲೆ ತೂಗಿ ನೋಡಿದ್ದೆವು, ಗಾಡಿ 34 ಕೆ.ಜಿ. ಹೆಲ್ಮೆಟ್, ಮೊಣಕಾಲು ಮೊಣಕೈ ಕವಚ ಹಾಕಿಕೊಂಡೆ. ಹತ್ತಿದ ತಕ್ಷಣ ಎಲ್ಲರೂ ಮಾಡುವ ತಪ್ಪು ಒಂದಿದೆ. ಹಿಡಿಕೆಯನ್ನು ಬಿಗಿಯಾಗಿ ಹಿಡಿದು, ಬೀಳ್ತೀನಿ ಅಂತ ಅದನ್ನು ಎಳೆದಾಡೋದು. ನೀವು ಎಳೆದರೆ ಗಾಡಿಯೂ ವಾಲುತ್ತೆ, ಅದು ಸರಿಮಾಡೋಕೆ ಹೋಗುತ್ತೆ, ನೀವು ಮತ್ತೆ ಎಳೀತೀರಿ. ಕೈ ಸಡಿಲ ಬಿಟ್ಟು ಪಾದದಿಂದ ವಾಲಬೇಕು. ನನಗೆ ಇದು ಬರೋಕೆ ಒಂದು ಗಂಟೆ, ಅಕ್ಕನ ಮಗನಿಗೆ ಐದು ನಿಮಿಷ. ತಿರುಗೋಕೆ ಹಿಡಿಕೆಯಲ್ಲಿ ರೇಡಿಯೋ ವಾಲ್ಯೂಮಿನ 10 ಕೆ ಪಾಟ್ ಕೂರಿಸಿದ್ದೇನೆ, ಅದನ್ನು ತಿರುಗಿಸಿದರೆ ಒಂದು ಚಕ್ರ ಜಾಸ್ತಿ, ಒಂದು ಕಮ್ಮಿ ಓಡುತ್ತೆ.

ಲೆಕ್ಕದ ಪ್ರಕಾರ ಗರಿಷ್ಠ ವೇಗ ಗಂಟೆಗೆ 11 ಕಿಲೋಮೀಟರ್. ಆದರೆ ಅಷ್ಟು ಓಡಿಸೋಕೆ ಬಿಡಬಾರದು. ನೀವು ಮುಂದಕ್ಕೆ ವಾಲಿದಾಗ ನಿಮ್ಮ ಬುಡಕ್ಕೆ ಬರೋಕೆ ಗಾಡಿ ಇನ್ನೂ ವೇಗ ಹೆಚ್ಚಿಸಬೇಕು, ನಂದಿಕೋಲಿನವನು ಹೆಜ್ಜೆ ಬೇಗ ಹಾಕುವ ಹಾಗೆ. ಮೋಟಾರು ಆಗಲೇ ಪೂರ್ತಿ ಓಡುತ್ತಿದ್ದರೆ ಹೆಚ್ಚಿಸೋಕೆ ಏನೂ ಉಳಿದಿರಲ್ಲ, ನೀವು ಮುಖ ಅಡಿಯಾಗಿ ಬೀಳುತ್ತೀರಿ. ಅದಕ್ಕೆ 7 ಕಿಲೋಮೀಟರ್ ದಾಟಿದ ಕೂಡಲೇ ಹಿಡಿಕೆ ತಾನೇ ಎದೆ ಕಡೆಗೆ ಬಂದು ಹಿಂದಕ್ಕೆ ತಳ್ಳುವ ಹಾಗೆ ಪ್ರೋಗ್ರಾಮ್ ಬರೆದಿದ್ದೇನೆ. ಬ್ಯಾಟರಿ 22 ವೋಲ್ಟಿಗೆ ಇಳಿದರೆ ಬಜರ್ ಕೂಗುತ್ತೆ. ಆಗ ಇಳಿದುಬಿಡಬೇಕು, ಇನ್ನೊಂದು ಸುತ್ತು ಅನ್ನಬಾರದು.

ದೊಡ್ಡ ಗಾಡಿಗೆ ಒಟ್ಟು 22,050 ರೂ. ಆಯಿತು, ಚಾರ್ಜರ್, ಹೆಲ್ಮೆಟ್, ಎರಡು ಸಲ ಬೆಂಗಳೂರಿನ ಬಸ್ ಖರ್ಚು ಎಲ್ಲಾ ಸೇರಿ. ಸಣ್ಣದರ ಜೊತೆ ಕೂಡಿದರೆ 25,030. ದೊಡ್ಡದಕ್ಕೆ ನೇರವಾಗಿ ಕೈ ಹಾಕಬೇಡಿ. ಸಣ್ಣದು ಬಿದ್ದರೆ ಒಂದು ಸ್ಕ್ರೂ ಹೋಗುತ್ತೆ, ದೊಡ್ಡದು ಬಿದ್ದರೆ ಹಲ್ಲು ಹೋಗುತ್ತೆ.

ಶಾಲೆಯ ಮಕ್ಕಳಿಗೆ ತೋರಿಸುವ ದಿನ ಬರುವ ಶನಿವಾರ. ದೊಡ್ಡದರ ಮೇಲೆ ಯಾರನ್ನೂ ಹತ್ತಿಸೋದಿಲ್ಲ. ಸಣ್ಣ ರೋಬೋಟನ್ನು ಮಾತ್ರ ನೆಲಕ್ಕೆ ಬಿಟ್ಟು, ಬೇಕಾದವರು ಬೆರಳಲ್ಲಿ ತಳ್ಳಿ ನೋಡಲಿ ಅಂತ ಹೇಳಿದ್ದೇನೆ. ಅದರ ಎಡಗಡೆ ಚಕ್ರದಲ್ಲಿ ಮತ್ತೆ ಸ್ವಲ್ಪ ಆಟ ಬಂದಿದೆ. ಇವತ್ತು ರಾತ್ರಿ ಬಿಚ್ಚಬೇಕು.